ಮನೆಯ ಹಳೆಯ ಪಟಗಳ ಜೀರ್ಣೋದ್ಧಾರ

ಪೂರ್ವಕಾಲದಲ್ಲಿ ಓಲೆಯ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಲಿಪಿಕಾರರು, ಬರೆವಣಿಗೆಯು ಮುಗಿದ ಮೇಲೆ ಕಡೆಯ ಗರಿಯಲ್ಲಿ ಓದುಗರಿಗೆ ಒಂದು ಬಿನ್ನಹವನ್ನು ಬರೆದಿಡುವ ವಾಡಿಕೆಯಿತ್ತು. ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಈ ಪುಸ್ತಕವನ್ನು ಕಾಪಾಡಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಇದನ್ನು ಮೂರ್ಖನ ಕೈಗೆ ಕೊಡಕೂಡದು ಎಂಬುದು ಅದರ ತಾತ್ಪರ್ಯ. ನಾವು ಪಾಠಶಾಲೆಯಲ್ಲಿ ಸಂಸ್ಕೃತ ವ್ಯಾಸಂಗ ಮಾಡುತ್ತಿದ್ದಾಗ ಈ ಮಾತನ್ನು ಓದಿ ನಕ್ಕದ್ದುಂಟು. ಎಣ್ಣೆ, ನೀರು, ಕಟ್ಟುಗಳ ಸಾಲಿನಲ್ಲಿ ಮೂರ್ಖನನ್ನೂ ಸೇರಿಸಿದ ಲಿಪಿಕಾರನ ಚಾತುರ್ಯ ನಮಗೆ ವಿನೋದವಾಗಿ ಕಂಡಿತ್ತು. ಆ ನಾಲ್ಕನೆಯ ಎಚ್ಚರಿಕೆ ನಮ್ಮನ್ನೇ ಕುರಿತದ್ದೆಂದು ತಿಳಿದುದು ಬಹುಕಾಲದ ಮೇಲೆ.

ತಾಳೆಗರಿಯ ಕಾಲ ಕಳೆದುಹೋಯಿತು. ಈಗ ನಮ್ಮ ಮನೆಗಳಲ್ಲಿ ಉಳಿದಿರುವ ಪುರಾತನ ವಸ್ತುಗಳಲ್ಲಿ ಹೆಚ್ಚಿನವು ಕಾಗದದವು. ದೇವರ ಕೋಣೆಯ ಗೋಡೆಯ ಮೇಲಿರುವ ರವಿವರ್ಮನ ಪಟ, ಅಟ್ಟದ ಪೆಟ್ಟಿಗೆಯಲ್ಲಿರುವ ಅಜ್ಜನ ಲಗ್ನಪತ್ರಿಕೆ, ಪಂಚಾಂಗದೊಳಗೆ ಮಡಿಸಿಟ್ಟ ಜಾತಕ, ನಾಟಕದ ಕಂಪನಿಯ ಕರಪತ್ರ, ಜವಳಿಯ ಥಾನಿಗೆ ಅಂಟಿಸಿ ಬರುತ್ತಿದ್ದ ಬಣ್ಣದ ಚೀಟಿ, ಬೆಂಕಿಪೆಟ್ಟಿಗೆಯ ಚಿತ್ರ ಇವೆಲ್ಲ ಈ ವರ್ಗಕ್ಕೆ ಸೇರಿದವು. ಚಿನ್ನವನ್ನು ಕಾಪಾಡಲು ತಿಜೋರಿಯುಂಟು. ಇವನ್ನು ಕಾಪಾಡುವವರು ಮನೆಯವರಲ್ಲದೆ ಬೇರೆ ಯಾರೂ ಇಲ್ಲ. ಆದುದರಿಂದ ಈ ವಿಷಯದಲ್ಲಿ ಗೃಹಸ್ಥರು ತಿಳಿದಿರತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸಲು ಇಚ್ಛಿಸುತ್ತೇವೆ. ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಅಜ್ಜನವರು ಮದುವೆಯಾದ ಹೊಸದರಲ್ಲಿ ಜಾತ್ರೆಯೊಂದರಿಂದ ಲಕ್ಷ್ಮಿಯ ಪಟವನ್ನು ಕೊಂಡು ತಂದರಂತೆ. ಅಡಿಯ ಅಂಚಿನಲ್ಲಿ ರವಿವರ್ಮ ಮುದ್ರಣಾಲಯದ ಹೆಸರು ಅಚ್ಚಾಗಿತ್ತು. ಅಜ್ಜಿಯು ತನ್ನ ಧಾರೆಯ ಸೀರೆಯ ಸೆರಗಿನಿಂದ ಒಂದು ತುಂಡನ್ನು ಕತ್ತರಿಸಿ ದೇವಿಯ ಸೀರೆಯ ಮೇಲೆ ಅಂಟಿಸಿ, ಕಿರೀಟಕ್ಕೆ ಮಿಣುಕುಗಳನ್ನೂ ಕೊರಳಿಗೆ ಸಣ್ಣ ಮಣಿಗಳನ್ನೂ ಹೊಲಿದಿದ್ದಳು. ಪಟದ ಹಿಂಬದಿಗೆ ಹೊಡೆದಿದ್ದ ತೆಳುವಾದ ಹಲಗೆಗಳ ಮೇಲೆ ಅಜ್ಜನವರು ತಮ್ಮ ಮಕ್ಕಳು ಹುಟ್ಟಿದ ಸಂವತ್ಸರ, ಮಾಸ, ತಿಥಿ, ನಕ್ಷತ್ರಗಳನ್ನೂ ನಾಮಕರಣದಲ್ಲಿಟ್ಟ ಹೆಸರುಗಳನ್ನೂ ಬರೆದಿಟ್ಟಿದ್ದರು. ೧೯೯೬ನೆಯ ಇಸವಿಯಲ್ಲಿ ಗೋಡೆಗಳಿಗೆ ಸುಣ್ಣ ಹೊಡೆಸಿದಾಗ ಪಟವನ್ನೂ ಹೊಸದು ಮಾಡಿಸಬೇಕೆಂಬ ಉತ್ಸಾಹ ನಮಗೆ ಬಂದಿತು. ಅಜ್ಜಿಯ ಜರಿಯನ್ನು ಕಿತ್ತು ಮೂಲಚಿತ್ರವನ್ನು ಶುದ್ಧವಾಗಿ ತೋರಿಸಬೇಕೆಂದೂ ಹೊರಟಿದ್ದೆವು. ತಾಯಿಯವರು ಅದಕ್ಕೆ ಒಪ್ಪಲಿಲ್ಲ. ಪೇಟೆಯಲ್ಲಿ ಕಟ್ಟುಹಾಕುವವನು, ಹಳೆಯ ಹಲಗೆಗಳು ಬೇಕೇ ಎಂದು ಕೇಳಿದನು. ಬೇಡವೆಂದು ಹೇಳಿದವರು ನಾವೇ.

ಹೊಸ ಕಟ್ಟಿನ ಪಟವು ಮನೆಗೆ ಬಂದಿತು. ಊರಿಂದ ಹಿಂದಿರುಗಿದ ತಂದೆಯವರು ಅದನ್ನು ಕೈಗೆ ತೆಗೆದುಕೊಂಡು, ಮುಂಭಾಗವನ್ನು ನೋಡದೆ ತಿರುಗಿಸಿ ಹಿಂಭಾಗವನ್ನು ನೋಡಿದರು. ಬೋಳು ರಟ್ಟನ್ನು ಕಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕನ ಹೆಸರು ಅಲ್ಲಿತ್ತು" ಎಂದರು. ಅಜ್ಜನವರ ಚೊಚ್ಚಲ ಮಗಳು ಮೂರು ವರುಷದವಳಾಗಿ ತೀರಿಕೊಂಡಿದ್ದಳು. ತಂದೆಯವರು ಹುಟ್ಟಿದ್ದು ಆಮೇಲೆ. ಮನೆಯಲ್ಲಿ ಯಾರೂ ಆ ಮಗುವಿನ ಹೆಸರನ್ನು ಆಡುತ್ತಿರಲಿಲ್ಲ. ಹಲಗೆಯ ಮೇಲೆ ಮಾತ್ರ ಅದು ಇತ್ತು. ಹುಡುಗನಾಗಿದ್ದಾಗ ಓದಿದ್ದ ಆ ಹೆಸರು ತಂದೆಯವರಿಗೆ ನೆನಪಾಗಲಿಲ್ಲ. ಮರುದಿನ ಬೆಳಗಾಗುತ್ತಲೇ ನಾವು ಅಂಗಡಿಗೆ ಓಡಿದೆವು. ಹಲಗೆಗಳು ಅದಾಗಲೇ ಒಲೆಗೆ ಹೋಗಿದ್ದುವು. ಅಂಗಡಿಯವನದು ತಪ್ಪೇನೂ ಇಲ್ಲ. ಅವನು ಕೇಳಿಯೇ ಎಸೆದಿದ್ದನು.

ಈ ಪಟಗಳು ಹೇಗೆ ಹುಟ್ಟಿದುವೆಂಬುದನ್ನು ತಿಳಿದರೆ ಅವು ಹೇಗೆ ಕೆಡುತ್ತವೆಂಬುದೂ ತಿಳಿಯುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಬವೇರಿಯಾ ದೇಶದ ಅಲೋಯ್ಸ್ ಸೆನೆಫೆಲ್ಡರ್ ಎಂಬಾತನು ಕಲ್ಲಚ್ಚಿನ ವಿದ್ಯೆಯನ್ನು ಕಂಡುಹಿಡಿದನು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು ಕಲ್ಲನ್ನು ಒದ್ದೆಮಾಡಿದರೆ, ಬರೆದೆಡೆಯಲ್ಲಿ ಮಾತ್ರ ಮುದ್ರಣದ ಮಸಿ ಹಿಡಿಯುತ್ತದೆ; ಉಳಿದೆಡೆಯಲ್ಲಿ ನೀರು ಅದನ್ನು ದೂರವಿಡುತ್ತದೆ. ಬಣ್ಣಬಣ್ಣಕ್ಕೂ ಬೇರೆ ಬೇರೆ ಕಲ್ಲನ್ನು ಮಾಡಿ ಒಂದೇ ಕಾಗದದ ಮೇಲೆ ಒಂದಾದ ಮೇಲೊಂದರಂತೆ ಒತ್ತಿದರೆ ವರ್ಣಚಿತ್ರವಾಗುತ್ತದೆ. ರಾಜಾ ರವಿವರ್ಮರು ೧೮೯೪ರಲ್ಲಿ ಮುಂಬಯಿಯಲ್ಲಿ ಇಂಥ ಮುದ್ರಣಾಲಯವನ್ನು ಸ್ಥಾಪಿಸಿದರು. ಅಲ್ಲಿಂದ ಹೊರಬಿದ್ದ ಮೊದಲನೆಯ ಪಟ ಶಕುಂತಲೆಯ ಜನನ. ಮುದ್ರಣಾಲಯವು ಮುಂದೆ ಲೋನಾವಳದ ಸಮೀಪದ ಮಳವಳಿಗೆ ಹೋಯಿತು. ಬಳಿಕ ಫ್ರಿಟ್ಸ್ ಶ್ಲೈಕರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿತು. ರವಿವರ್ಮರು ೧೯೦೬ರಲ್ಲಿ ಕಾಲವಾದರೂ ಪಟಗಳು ನಿಲ್ಲಲಿಲ್ಲ. ೧೯೭೨ರಲ್ಲಿ ಆ ಮುದ್ರಣಾಲಯವು ಬೆಂಕಿಗೆ ಆಹುತಿಯಾಯಿತು.

ರವಿವರ್ಮರ ಮೂಲಚಿತ್ರಗಳಲ್ಲಿ ಕೆಲವು ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿವೆ. ಅರಮನೆಗಳಲ್ಲಿದ್ದ ದೇವತೆಗಳನ್ನು ಬಡವರ ಗೋಡೆಗಳಿಗೂ ತಂದುಕೊಟ್ಟ ಖ್ಯಾತಿ ಈ ಅಚ್ಚಿನ ಪಟಗಳದು. ಎಣ್ಣೆಬಣ್ಣದ ಚಿತ್ರದಂತೆ ಕಾಣಲೆಂದು ಇವುಗಳಲ್ಲಿ ಹಲವಕ್ಕೆ ಮೇಲೆ ವಾರ್ನಿಷನ್ನು ಬಳಿಯುತ್ತಿದ್ದರು. ಕ್ಯಾನ್‌ವಾಸಿನ ನೇಯ್ಗೆ ಕಾಣುವಂತೆ ಒತ್ತುತ್ತಲೂ ಇದ್ದರು. ಆ ವಾರ್ನಿಷು ಕಾಲಕ್ರಮದಲ್ಲಿ ಹಳದಿಯಾಗುತ್ತದೆ, ಬಿರಿಯುತ್ತದೆ, ಸೆಕೆಗೆ ಅಂಟುತ್ತದೆ. ಪಟದ ಮೋರೆ ಕಂದಿದೆಯೆಂದು ನಾವು ಮರುಗುವಾಗ, ಅನೇಕ ವೇಳೆ ಕಂದಿರುವುದು ಚಿತ್ರವಲ್ಲ, ಅದರ ಮೇಲಿನ ಲೇಪ.

ಕಾಗದದ ಮುಪ್ಪಿಗೆ ಬೇರೆಯೇ ಕಾರಣಗಳುಂಟು. ಹಿಂದೆ ಹತ್ತಿ, ನಾರುಬಟ್ಟೆಗಳ ಚಿಂದಿಯಿಂದ ಕಾಗದವನ್ನು ಮಾಡುತ್ತಿದ್ದರು. ಅಂಥ ಕಾಗದವು ನೂರಾರು ವರುಷ ಬಿಳುಪಾಗಿಯೇ ಇರುವುದುಂಟು. ೧೮೦೭ರಲ್ಲಿ ಮಸಿ ಹರಡದಂತೆ ರಾಳವನ್ನೂ ಸ್ಫಟಿಕವನ್ನೂ ಬೆರೆಸುವ ಕ್ರಮವು ಪ್ರಕಟವಾಯಿತು. ಇಲ್ಲಿ ಸ್ಫಟಿಕವೆಂದರೆ ಕ್ಷೌರಿಕರು ಬಳಸುವ ಪಟಿಕ. ೧೮೪೪ರ ಸುಮಾರಿನಲ್ಲಿ ಜರ್ಮನಿಯ ಕೆಲ್ಲರ್ ಎಂಬಾತನು ಮರವನ್ನೇ ಅರೆದು ಕಾಗದ ಮಾಡುವ ಯಂತ್ರವನ್ನು ರಚಿಸಿದನು. ಕಾಗದವು ಅಗ್ಗವಾಯಿತು, ಆಯುಸ್ಸು ಕಿರಿದಾಯಿತು. ಪಟಿಕದಿಂದ ಹುಟ್ಟುವ ಆಮ್ಲವು ಕಾಗದದ ನಾರನ್ನು ಒಳಗಿಂದಲೇ ಕಡಿಯುತ್ತದೆ. ಮರದಲ್ಲಿರುವ ಲಿಗ್ನಿನ್ ಎಂಬ ಪದಾರ್ಥವು ಬೆಳಕಿಗೂ ಗಾಳಿಗೂ ಕಂದುಬಣ್ಣಕ್ಕೆ ತಿರುಗುತ್ತದೆ. ವೃತ್ತಪತ್ರಿಕೆಯನ್ನು ಕೆಲವು ದಿನ ಬಿಸಿಲಿನಲ್ಲಿಟ್ಟು ನೋಡಿದರೆ ಈ ಮಾತು ಪ್ರತ್ಯಕ್ಷವಾಗುತ್ತದೆ. ಈ ಆಮ್ಲವು ಒಂದು ಹಾಳೆಯಿಂದ ಮಗ್ಗುಲಿನ ಹಾಳೆಗೂ ಹರಿಯುತ್ತದೆಂಬುದು ಮುಖ್ಯವಾಗಿ ನೆನಪಿನಲ್ಲಿಡತಕ್ಕ ಸಂಗತಿ. ಒಳ್ಳೆಯ ಪತ್ರವನ್ನು ಕೆಟ್ಟ ರಟ್ಟಿನ ನಡುವೆ ಇಟ್ಟರೆ ದುಸ್ಸಂಗದ ಫಲ ತಪ್ಪದು.

ಇನ್ನು ಪರಿಹಾರದ ಮಾತು. ದೇವಾಲಯಗಳ ವಿಷಯದಲ್ಲಿ ನಾವು ಜೀರ್ಣೋದ್ಧಾರವೆಂಬ ಪದವನ್ನು ಬಳಸುತ್ತೇವೆ. ಜೀರ್ಣವಾದುದನ್ನು ಮೇಲೆತ್ತುವುದು ಎಂದು ಆ ಪದದ ಅರ್ಥ. ಹಳೆಯದನ್ನು ಹೊಸದು ಮಾಡುವುದೆಂದು ಅಲ್ಲ. ಕಾಗದದ ವಿಷಯದಲ್ಲಿ ಈ ಭೇದವೇ ಸರ್ವಸ್ವ. ೧೯೬೬ನೆಯ ನವೆಂಬರ್ ತಿಂಗಳಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಆರ್ನೋ ನದಿಯು ಉಕ್ಕಿ ಅಲ್ಲಿನ ಗ್ರಂಥಾಲಯಗಳನ್ನು ಕೆಸರಿನಲ್ಲಿ ಮುಳುಗಿಸಿತು. ನಾನಾ ದೇಶಗಳ ಕುಶಲರು ಅಲ್ಲಿ ಕೂಡಿ ಪುಸ್ತಕಗಳನ್ನು ಎತ್ತಿ ಒಣಗಿಸಿ ದುರಸ್ತು ಮಾಡಿದರು. ಈ ವಿದ್ಯೆಗೆ ಇಂದಿರುವ ಶಿಸ್ತಿಗೆ ಆ ಅನುಭವವು ಬಹುಮಟ್ಟಿಗೆ ಕಾರಣವಾಯಿತು. ಆ ಶಿಸ್ತನ್ನು ಮೂರು ಮಾತುಗಳಲ್ಲಿ ಹೇಳಬಹುದು: ಎಷ್ಟು ಕಡಿಮೆ ಮಾಡಿದರೆ ಸಾಕೋ ಅಷ್ಟನ್ನೇ ಮಾಡತಕ್ಕದ್ದು, ಮಾಡಿದ್ದನ್ನು ಮುಂದೆ ಬಿಚ್ಚಲು ಸಾಧ್ಯವಾಗುವಂತೆ ಮಾಡತಕ್ಕದ್ದು, ಏನು ಮಾಡಿದೆವೆಂಬುದನ್ನು ಬರೆದಿಡತಕ್ಕದ್ದು.

ಲಿಪಿಕಾರನ ಕ್ರಮವನ್ನೇ ಅನುಸರಿಸಿ ಮೊದಲು ಎಣ್ಣೆಯನ್ನು ತೆಗೆದುಕೊಳ್ಳೋಣ. ದೇವರ ದೀಪದ ಹೊಗೆಯು ಪಟದ ಮೇಲೆ ಜಿಡ್ಡಾದ ಮಸಿಯ ಪೊರೆಯಾಗಿ ಕೂರುತ್ತದೆ. ಧೂಳು ಅದಕ್ಕೆ ಹತ್ತುತ್ತದೆ. ಪಟದ ಮೇಲೆಯೇ ಗಂಧ ಕುಂಕುಮಗಳನ್ನು ಹಚ್ಚುವವರೂ ಉಂಟು. ಪೂಜೆಗೆ ಪಟವೇ ಬೇಕೆಂದಿದ್ದರೆ ಕುಂಕುಮವನ್ನು ಗಾಜಿನ ಮೇಲೆ ಹಚ್ಚಿರಿ. ದೀಪವನ್ನು ಪಟದ ನೇರ ಕೆಳಗೆ ಇಡದೆ ಸ್ವಲ್ಪ ಮುಂದಕ್ಕೆ ಸರಿಸಿರಿ. ಇನ್ನೂ ಉತ್ತಮವಾದ ಉಪಾಯವೆಂದರೆ, ಹಳೆಯ ಪಟವನ್ನು ದೀಪದ ಹೊಗೆ ತಾಗದ ನಡುಮನೆಗೆ ಬರಮಾಡಿಕೊಂಡು, ಅದರ ಛಾಯಾಪ್ರತಿಯನ್ನು ಪೂಜೆಗೆ ಇಡುವುದು. ಮೂಲವಿಗ್ರಹವೂ ಉತ್ಸವಮೂರ್ತಿಯೂ ಬೇರೆಯಾಗಿರುವುದು ನಮಗೆ ಹೊಸದಲ್ಲವಷ್ಟೆ.

ಎರಡನೆಯದು ನೀರು. ಒದ್ದೆಯ ಹೂಮಾಲೆಯಿಂದ ತೊಟ್ಟಿಕ್ಕುವ ಹನಿಯು ಕಟ್ಟಿನ ಸಂದಿಯಲ್ಲಿ ಇಳಿದು ಕಾಗದದಲ್ಲಿ ಕಂದುಗೆರೆಯ ಕಲೆಯಾಗುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಹೊರಗೋಡೆಯು ಬೆವರುತ್ತದೆ. ಅದರ ಮೇಲೆ ತೂಗುಹಾಕಿದ ಪಟವೂ ಬೂಷ್ಟು ಹಿಡಿಯುತ್ತದೆ. ಗಾಳಿಯ ತೇವವು ನೂರಕ್ಕೆ ೬೫ನ್ನು ಮೀರಿ ಬಹುದಿನ ನಿಂತರೆ ಬೂಷ್ಟಿಗೆ ಹಬ್ಬ. ಆದುದರಿಂದ ಪಟವನ್ನು ಒಳಗೋಡೆಯ ಮೇಲೆ ತೂಗುಹಾಕಿ, ಕಟ್ಟಿನ ಕೆಳಮೂಲೆಗಳಿಗೆ ಬೆಂಡಿನ ಎರಡು ತುಂಡುಗಳನ್ನು ಅಂಟಿಸಿ, ಹಿಂದೆ ಗಾಳಿಯಾಡುವಂತೆ ಮಾಡಬೇಕು. ಬೂಷ್ಟು ಕಂಡರೆ ಒದ್ದೆಬಟ್ಟೆಯಿಂದ ಒರಸಬಾರದು, ಬಿಸಿಲಿಗೂ ಹಾಕಬಾರದು. ನೆರಳಿನಲ್ಲಿ, ಬೀಸಣಿಗೆಯ ಗಾಳಿ ನೇರವಾಗಿ ತಾಗದಂತೆ ಒಣಗಿಸಿ, ಮೂಗುಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ ಮೃದುವಾದ ಕುಂಚದಿಂದ ಉದುರಿಸಬೇಕು. ಬಿಸಿಲು ಬೂಷ್ಟನ್ನು ಕೊಲ್ಲುವುದಕ್ಕೆ ಮೊದಲು ಬಣ್ಣವನ್ನು ಕೊಲ್ಲುತ್ತದೆ. ಬೆಳಕಿನಿಂದಾದ ಹಾನಿಯು ದಿನದಿನಕ್ಕೂ ಕೂಡುತ್ತಲೇ ಹೋಗುವ ಸಾಲದಂತೆ. ಪಟವನ್ನು ಆಮೇಲೆ ಕತ್ತಲೆಯಲ್ಲಿಟ್ಟರೂ ಹೋದ ಬಣ್ಣ ಮರಳಿ ಬಾರದು.

ಮೂರನೆಯದು ಕಟ್ಟು. ಓಲೆಯ ಗ್ರಂಥಕ್ಕೆ ದಾರವೂ ಹಲಗೆಯೂ ಹೇಗೋ ಪಟಕ್ಕೆ ಚೌಕಟ್ಟು ಹಾಗೆ. ಹಳೆಯ ಕಟ್ಟಿನೊಳಗಿನ ಪಟವನ್ನು ತೆಗೆದು ನೋಡಿದರೆ ಎಷ್ಟೋ ವೇಳೆ ಉದ್ದಕ್ಕೂ ಕಂದುಬಣ್ಣದ ಪಟ್ಟಿಗಳು ಕಾಣುತ್ತವೆ. ಅವು ಹಿಂದಿನ ಹಲಗೆಗಳ ಸಂದುಗಳ ಗುರುತು. ಹಲಗೆಯ ಗಂಟು ಕೂಡ ಪಟದ ಮೇಲೆ ಮೂಡುವುದುಂಟು. ಆದುದರಿಂದ ಹಲಗೆಗೂ ಪಟಕ್ಕೂ ನಡುವೆ ಆಮ್ಲವಿಲ್ಲದ ರಟ್ಟನ್ನು ಇಡಬೇಕು; ಅದು ಈಗ ಚಿತ್ರಕಾರರ ಸಾಮಗ್ರಿಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಪಟವು ಗಾಜಿಗೆ ತಾಗದಂತೆ ನಾಲ್ಕು ಅಂಚಿನಲ್ಲಿಯೂ ದಪ್ಪ ರಟ್ಟಿನ ಚೌಕವಿರಬೇಕು. ಇಲ್ಲವಾದರೆ ವಾರ್ನಿಷು ಗಾಜಿಗೆ ಕಚ್ಚಿಕೊಂಡು, ತೆಗೆಯುವಾಗ ದೇವಿಯ ಮೋರೆಯೇ ಗಾಜಿನ ಪಾಲಾಗುತ್ತದೆ. ಹಾಗೆ ಕಚ್ಚಿಕೊಂಡಿದ್ದರೆ ಎಳೆಯದೆ ಗಾಜಿನೊಡನೆಯೇ ಬಲ್ಲವರ ಬಳಿಗೆ ಒಯ್ಯಿರಿ. ಬಿಡಿಪತ್ರಗಳನ್ನು ಸುರುಳಿ ಸುತ್ತದೆ, ಮಡಿಸದೆ, ಚಪ್ಪಟೆಯಾಗಿ ಇಡುವುದು ಲೇಸು. ನುಸಿಗುಂಡುಗಳನ್ನು ಅವುಗಳ ನಡುವೆ ಹಾಕುವುದಕ್ಕಿಂತ, ವರುಷಕ್ಕೆ ಎರಡು ಸಲ ಪೆಟ್ಟಿಗೆಯನ್ನು ತೆಗೆದು ನೋಡುವುದು ಗೆದ್ದಲಿಗೂ ಬೆಳ್ಳಿಹುಳುವಿಗೂ ಮೇಲಾದ ಮದ್ದು.

ಹರಿದುದನ್ನು ಜೋಡಿಸುವ ಕೆಲಸಕ್ಕೆ ಎರಡೇ ಸಾಮಗ್ರಿ ಸಾಕು. ಒಂದು, ಜಪಾನ್ ದೇಶದಲ್ಲಿ ಕೋಜೊ ಎಂಬ ಗಿಡದ ತೊಗಟೆಯ ನಾರಿನಿಂದ ಮಾಡುವ ತೆಳುವಾದರೂ ಬಲವುಳ್ಳ ಕಾಗದ. ಇನ್ನೊಂದು, ಗೋಧಿಯ ಸತ್ತ್ವದ ಅಂಟು. ಮೈದಾಹಿಟ್ಟನ್ನೇ ಕುದಿಸಿದರೆ ಅದರಲ್ಲಿರುವ ಜಿಗಟು ಅಂಶವು ಗಡುಸಾಗುತ್ತದೆ, ಹುಳುವನ್ನೂ ಕರೆಯುತ್ತದೆ. ಹಿಟ್ಟನ್ನು ನಾದಿ ನೀರಿನಲ್ಲಿ ಹಿಸುಕಿ ತೊಳೆದರೆ ಜಿಗಟು ಕೈಯಲ್ಲಿ ಉಳಿದು ಬಿಳಿಯ ಹಾಲು ನೀರಿಗೆ ಇಳಿಯುತ್ತದೆ. ಗೋಧಿಹಾಲಿನ ಹಲ್ವವನ್ನು ಮಾಡಬಲ್ಲ ಗೃಹಿಣಿಯರಿಗೆ ಈ ವಿದ್ಯೆಯನ್ನು ನಾವು ಕಲಿಸಬೇಕಾದುದಿಲ್ಲ. ಆ ಹಾಲು ತಳದಲ್ಲಿ ನಿಂತ ಮೇಲೆ ತಿಳಿನೀರನ್ನು ಚೆಲ್ಲಿ, ಒಂದು ಪಾಲು ಸತ್ತ್ವಕ್ಕೆ ನಾಲ್ಕೈದು ಪಾಲು ನೀರನ್ನು ಸೇರಿಸಿ, ಸಣ್ಣ ಉರಿಯಲ್ಲಿ ಅರ್ಧಗಂಟೆ ಬಿಡದೆ ಕಡೆದು, ಆರಿಸಿ, ಶೋಧಿಸಿ, ಕೆನೆಯ ಹದಕ್ಕೆ ತಿಳಿಮಾಡಿಕೊಳ್ಳಬೇಕು. ಹುಳು ಬಾರದಿರಲೆಂದು ಮೈಲುತುತ್ತವನ್ನು ಬೆರೆಸುವ ಹಳೆಯ ಪದ್ಧತಿಯನ್ನು ಪಟಗಳಿಗೆ ಬಳಸಬಾರದು. ತಾಮ್ರದ ಅಂಶವು ಕಾಗದದ ನಾಶವನ್ನು ತ್ವರೆಗೊಳಿಸುತ್ತದೆ. ಅಂಟನ್ನು ಆಯಾ ವೇಳೆಗೆ ಬೇಕಾದಷ್ಟೇ ಮಾಡಿಕೊಂಡರೆ ಆಯಿತು.

ಜಪಾನಿ ಕಾಗದವನ್ನು ಕತ್ತರಿಯಿಂದ ಕತ್ತರಿಸದೆ, ನೀರಿನ ಗೆರೆಯೆಳೆದು ಕೈಯಿಂದ ಹರಿಯಬೇಕು. ಅಂಚಿನಲ್ಲಿ ಹೊರಚಾಚಿದ ನಾರುಗಳೇ ಹಿಡಿತವನ್ನು ಕೊಡುವುವು. ಒಂದು ಬೆರಳಿಗಿಂತ ಅಗಲವಾದ ಪಟ್ಟಿ ಬೇಡ. ಅದಕ್ಕೆ ತೆಳುವಾಗಿ ಅಂಟನ್ನು ಸವರಿ ಹರಿದೆಡೆಯ ಹಿಂಭಾಗಕ್ಕೆ ಕೂರಿಸಿ, ಮೇಲೂ ಕೆಳಗೂ ಮಸಿಯೊತ್ತುವ ಕಾಗದವನ್ನು ಇಟ್ಟು, ದಪ್ಪ ಪುಸ್ತಕದ ಭಾರವನ್ನು ಹೇರಿ ಒಂದು ರಾತ್ರಿ ಬಿಡಿರಿ. ಮೊದಲು ಬೆಲೆಯಿಲ್ಲದ ಹಳೆಯ ಕ್ಯಾಲೆಂಡರಿನ ಮೇಲೆ ಹತ್ತು ಸಲ ಅಭ್ಯಾಸ ಮಾಡಿಕೊಳ್ಳಿರಿ. ಬಣ್ಣವು ತೇವಕ್ಕೆ ಬಿಡುವುದೋ ಎಂದು ಅಂಚಿನಲ್ಲಿ ಒಂದು ಹನಿಯಿಂದ ಪರೀಕ್ಷಿಸಿ, ಬಿಡುವುದಾದರೆ ಕೈಹಾಕಬೇಡಿರಿ. ಈ ಅಂಟಿನ ಗುಣವೇನೆಂದರೆ, ಮುಂದೆ ಮೊಮ್ಮಕ್ಕಳಿಗೆ ನಮ್ಮ ಕೆಲಸವು ಸರಿಕಾಣದಿದ್ದರೆ, ಸ್ವಲ್ಪ ತೇವದಿಂದಲೇ ಅದು ಬಿಟ್ಟುಕೊಳ್ಳುತ್ತದೆ.

ನಾಲ್ಕನೆಯದು ಮೂರ್ಖನ ಕೈ. ಮೂರ್ಖನೆಂದರೆ ಕೆಡುಕನಲ್ಲ, ಪ್ರೀತಿಯಿದ್ದು ತಿಳಿವಿಲ್ಲದವನು. ಹರಿದೆಡೆಗೆ ಪಾರದರ್ಶಕ ಅಂಟುಪಟ್ಟಿಯನ್ನು ಹಚ್ಚುವವನು ಇವನೇ. ೧೯೩೦ರಲ್ಲಿ ಅಮೆರಿಕೆಯಲ್ಲಿ ಮಾರಾಟಕ್ಕೆ ಬಂದ ಆ ಪಟ್ಟಿಯು ಕೆಲವು ವರುಷಗಳಲ್ಲಿ ಒಣಗಿ ಉದುರುತ್ತದೆ. ಅದರ ಅಂಟು ಮಾತ್ರ ಕಾಗದದೊಳಕ್ಕೆ ಇಳಿದು ಎಣ್ಣೆಗಲೆಯಂತೆ ಉಳಿಯುತ್ತದೆ. ಬಿಳುಪಾಗಲೆಂದು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದುವವನು ಕಾಗದದ ಎಲುಬನ್ನೇ ಮುರಿಯುತ್ತಾನೆ. ಇನ್ನು, ಪ್ಲಾಸ್ಟಿಕ್ ಹಾಳೆಗಳ ನಡುವೆ ಬಿಸಿಯಿಂದ ಒತ್ತಿಸಿ ಲ್ಯಾಮಿನೇಷನ್ ಮಾಡಿಸುವುದು ಶವವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಂತೆ. ಒಳಗಿನ ಆಮ್ಲವು ಒಳಗೇ ಉಳಿಯುತ್ತದೆ, ಹೊದಿಕೆಯನ್ನು ಮತ್ತೆ ತೆಗೆಯಲಾಗದು. ವಿದ್ವಾಂಸರೂ ಇಲ್ಲಿ ಎಡವಿದ್ದುಂಟು. ಅಮೆರಿಕೆಯ ವಿಲಿಯಂ ಬ್ಯಾರೋ ಎಂಬಾತನು ಕಾಗದದ ಆಮ್ಲವನ್ನು ಕಳೆಯುವ ವಿಧಾನಗಳನ್ನು ಶೋಧಿಸಿ ಮಹೋಪಕಾರ ಮಾಡಿದವನು. ಆದರೂ ಅವನು ಪ್ರಚಾರಕ್ಕೆ ತಂದ ಅಸಿಟೇಟ್ ಹೊದಿಕೆಯನ್ನು, ಅವನಿಂದ ಹೊದಿಸಲ್ಪಟ್ಟ ಪತ್ರಗಳಿಂದ ಬಿಡಿಸಲು ಮುಂದಿನವರು ಕಷ್ಟಪಡಬೇಕಾಯಿತು.

ಇಷ್ಟೆಲ್ಲ ಎಚ್ಚರಿಕೆ ಒಂದು ತುಂಡು ಕಾಗದಕ್ಕೇ ಎಂದು ಕೆಲವರು ಕೇಳಿಯಾರು. ಕನ್ನಡದ ಮೊದಲನೆಯ ವಾಕ್ಚಿತ್ರವಾದ ಸತಿ ಸುಲೋಚನವು ೧೯೩೪ರ ಮಾರ್ಚ್ ತಿಂಗಳಲ್ಲಿ ತೆರೆಗೆ ಬಂದಿತು. ಆ ಚಿತ್ರದ ಪ್ರತಿಯು ಇಂದು ಉಪಲಬ್ಧವಿಲ್ಲ. ಅಂಥ ಚಿತ್ರಗಳ ಸಾಕ್ಷಿಯೆಂದರೆ ಪತ್ರಿಕೆಯ ಜಾಹೀರಾತು, ಕರಪತ್ರ, ಒಂದೆರಡು ಛಾಯಾಚಿತ್ರಗಳೇ. ನಾಲ್ಕು ದಿನ ಗೋಡೆಯ ಮೇಲಿದ್ದು ಮಳೆಗೆ ಕರಗಲೆಂದೇ ಅಗ್ಗದ ಕಾಗದದಲ್ಲಿ ಅಚ್ಚುಮಾಡಿದ ಭಿತ್ತಿಪತ್ರವು, ತಾನು ಸಾರಿದ ಚಿತ್ರಕ್ಕಿಂತ ಹೆಚ್ಚುಕಾಲ ಬದುಕುವುದುಂಟು. ಯಾವ ಕಾಗದವು ಯಾವುದರ ಕೊನೆಯ ಸಾಕ್ಷಿಯಾದೀತೆಂದು ಮೊದಲೇ ಬಲ್ಲವರಾರು?

ಕೈಮೀರಿದ ಹಾನಿಗೆ ತಜ್ಞರಿದ್ದಾರೆ. ೧೯೮೪ರಲ್ಲಿ ಸ್ಥಾಪಿತವಾದ ಇಂಟ್ಯಾಕ್ ಸಂಸ್ಥೆಗೆ ಬೆಂಗಳೂರಿನಲ್ಲಿ ಕಲಾಸಂರಕ್ಷಣೆಯ ಕೇಂದ್ರವುಂಟು. ಲಖನೌ ನಗರದಲ್ಲಿ ೧೯೭೬ರಲ್ಲಿ ಆರಂಭವಾದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾಲಯಕ್ಕೆ ಮೈಸೂರಿನಲ್ಲಿ ಶಾಖೆಯುಂಟು. ವಾರ್ನಿಷು ತೆಗೆಯುವುದು, ಕಾಗದವನ್ನು ನೀರಿನಲ್ಲಿ ತೊಳೆಯುವುದು, ಆಮ್ಲವನ್ನು ಕಳೆಯುವುದು, ಹಳೆಯ ಅಂಟುಪಟ್ಟಿಯನ್ನು ಬಿಡಿಸುವುದು ಇವು ಅಂಥವರ ಕೆಲಸ. ಮನೆಯವರ ಕೆಲಸವು ಧೂಳು ತೆಗೆಯುವುದು, ಒಳ್ಳೆಯ ಜಾಗವನ್ನು ನೋಡಿ ಇಡುವುದು, ಸಣ್ಣ ಹರಕನ್ನು ಜೋಡಿಸುವುದು, ಎಲ್ಲಕ್ಕೂ ಮೊದಲು ಮುಂಭಾಗ ಹಿಂಭಾಗಗಳೆರಡರ ಛಾಯಾಚಿತ್ರವನ್ನು ತೆಗೆದಿಡುವುದು.

ನಿವೃತ್ತರಾದ ಮೇಲೆ ನಮ್ಮ ಮನೆಯ ಲಕ್ಷ್ಮಿಯ ಪಟವನ್ನು ಮತ್ತೊಮ್ಮೆ ಬಿಚ್ಚಿದೆವು. ೧೯೯೬ರ ರಟ್ಟು ಕಂದಾಗಿ ಪಟದ ಅಂಚನ್ನೂ ಕಂದಿಸಿತ್ತು. ಅದನ್ನು ತೆಗೆದು ಆಮ್ಲವಿಲ್ಲದ ರಟ್ಟನ್ನು ಇಟ್ಟೆವು. ಎಡದ ಮೂಲೆಯ ಹರಕನ್ನು ಹಿಂದಿನಿಂದ ಜೋಡಿಸಿದೆವು. ಸಡಿಲವಾಗಿದ್ದ ಎರಡು ಮಣಿಗಳನ್ನು ಅಜ್ಜಿಯು ಹಾಕಿದ್ದ ಹಳೆಯ ತೂತುಗಳಲ್ಲಿಯೇ ಪುನಃ ಹೊಲಿದವಳು ನಮ್ಮ ಮನೆಯಾಕೆ. ಕಂದಿದ ಬಣ್ಣವನ್ನು ಮುಟ್ಟಲಿಲ್ಲ, ಜರಿಯನ್ನು ಮುಟ್ಟಲಿಲ್ಲ. ಕಾಗದವನ್ನು ಕೆಡಿಸದ ಸೀಸದ ಕಡ್ಡಿಯಿಂದ, ಹೊಸ ರಟ್ಟಿನ ಹಿಂಬದಿಯಲ್ಲಿ ತಂದೆಯವರಿಂದ ಕೇಳಿ ತಿಳಿದಿದ್ದಷ್ಟನ್ನೂ ಬರೆದೆವು. ಮೊದಲನೆಯ ಸಾಲಿನಲ್ಲಿ "ಚೊಚ್ಚಲ ಮಗಳು" ಎಂದು ಬರೆದು ಮುಂದಿನ ಜಾಗವನ್ನು ಖಾಲಿ ಬಿಟ್ಟಿದ್ದೇವೆ.

ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೇ. ಬರುವ ಭಾನುವಾರ ಬಿಡುವಾದಾಗ ಮನೆಯ ಗೋಡೆಯಿಂದ ಹಳೆಯ ಪಟವೊಂದನ್ನು ಮೆಲ್ಲನೆ ಇಳಿಸಿರಿ. ಅದನ್ನು ಒರಸುವುದಕ್ಕೆ ಮೊದಲು ಒಮ್ಮೆ ತಿರುಗಿಸಿ ನೋಡಿರಿ.